ನಿಮ್ಮ ಮೇಷ್ಟ್ರಿಂದ ಬಂದ ಒಂದು ಅಭ್ಯಾಸ ಹೇಳಿ (ಮುಂಬಯಿಯ ಕನ್ನಡ ಶಾಲೆಗಳಲ್ಲಿ ಓದಿದವರಿಗೆ, ಉಳಿದವರಿಗೂ)

ಚೆಂಬೂರು ಅಕ್ಕ:

ಸೆಪ್ಟೆಂಬರ್ 5 ಬಂತು ಅಂದರೆ ವಾಟ್ಸಾಪ್ ತುಂಬ ಹೂಗುಚ್ಛ, ದೀಪ, ಶ್ಲೋಕ. ರಾಧಾಕೃಷ್ಣನ್ ಅವರ ಅದೇ ಫೋಟೋ. ಬೇಡ ಅನ್ನುವುದಿಲ್ಲ. ಆದರೆ ಆ ಗದ್ದಲದಲ್ಲಿ ನಮಗೆ ಪಾಠ ಹೇಳಿದವರು ಯಾರೂ ಕಾಣಿಸುವುದಿಲ್ಲ, ಅಲ್ವಾ? ಅದಕ್ಕೇ ಇಲ್ಲಿ ಬೇರೆ ಥರ ಕೇಳುತ್ತಿದ್ದೇನೆ. "ಅವರು ದೇವರಂಥವರು" ಅಂತ ಯಾರೂ ಬರೆಯಬೇಡಿ. ನೀವು ಇವತ್ತಿಗೂ ಮಾಡುವ ಒಂದು ಕೆಲಸ ಹೇಳಿ. ಅದು ಒಬ್ಬ ಮೇಷ್ಟ್ರಿಂದಲೋ ಟೀಚರಿಂದಲೋ ಬಂದಿರಬೇಕು. ಸಣ್ಣದಾದರೂ ನಡೆಯುತ್ತದೆ.

ಮೊದಲು ನನ್ನದು. ನಾನು ಓದಿದ್ದು ಪಾಲಿಕೆಯ ಕನ್ನಡ ಶಾಲೆಯಲ್ಲಿ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತಿತ್ತು. ನಮ್ಮ ಕಟ್ಟಡದಲ್ಲಿ ಕೆಳಗೆ ಮರಾಠಿ, ನಡುವೆ ನಾವು, ಮೇಲೆ ತಮಿಳು. ಮೇಲಿನವರ ಪದ್ಯ ನಮಗೆ ಬಾಯಿಪಾಠವಾಗಿತ್ತು, ಅರ್ಥ ಮಾತ್ರ ಗೊತ್ತಿರಲಿಲ್ಲ.

ನಮ್ಮ ಕನ್ನಡ ಟೀಚರ್ ಒಂದು ನಿಯಮ ಇಟ್ಟಿದ್ದರು. ಪ್ರಬಂಧ ಬರೆದು ಮುಗಿಸಿದವರು ಅವರ ಮೇಜಿನ ಹತ್ತಿರ ಹೋಗಿ ಗಟ್ಟಿಯಾಗಿ ಓದಬೇಕು. ಎಲ್ಲಿ ತಡವರಿಸಿದೆವೋ ಅಲ್ಲಿ ಅವರು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ತಪ್ಪು ಅಂತ ಹೇಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಚುಕ್ಕೆ ಬಿದ್ದ ಸಾಲನ್ನು ಮತ್ತೆ ಬರೆಯಬೇಕು, ಅಷ್ಟೇ. ಕಾಗುಣಿತ ಸರಿ ಇದ್ದ ಸಾಲಿಗೂ ಚುಕ್ಕೆ ಬೀಳುತ್ತಿತ್ತು.

ಈಗ ನಾನು ವಿಮಾ ಕಚೇರಿಯೊಂದರ ಕ್ಲೇಮ್ ವಿಭಾಗದಲ್ಲಿದ್ದೇನೆ. ಯಾರದೋ ಗಂಡ ತೀರಿಕೊಂಡಿರುತ್ತಾರೆ. ಇನ್ನೆರಡು ಕಾಗದ ಬೇಕು ಅಂತ ನಾವು ಪತ್ರ ಬರೆಯುತ್ತೇವೆ. ಕಳಿಸುವ ಮೊದಲು ಅದನ್ನು ಮೆಲುದನಿಯಲ್ಲಿ ಓದಿಕೊಳ್ಳುತ್ತೇನೆ. ಇಂಗ್ಲಿಷ್ ಪತ್ರವಾದರೂ ಸರಿ, ನಾಲಿಗೆ ತಡೆದ ಕಡೆ ತಿದ್ದುತ್ತೇನೆ. ಪಕ್ಕದ ಮೇಜಿನವರು ನಾನು ಜಪ ಮಾಡುತ್ತೇನೆ ಅಂದುಕೊಂಡಿದ್ದಾರೆ.

ಗಲ್ಲಾಪೆಟ್ಟಿಗೆ:

ಅಕ್ಕ, ನಾವು ರಾತ್ರಿ ಶಾಲೆಯವರು. ಇಲ್ಲಿನ ಚಿಕ್ಕವರಿಗೆ ಅದು ಏನು ಅಂತಲೇ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕುಂದಾಪುರ ಕಡೆಯಿಂದ ಹುಡುಗನಾಗಿದ್ದಾಗ ಬಂದವ ನಾನು. ಮುಂಬಯಿಯ ಕೋಟೆ (ಫೋರ್ಟ್) ಭಾಗದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಊರಿನಿಂದ ಹೀಗೆ ಬಂದ ಹುಡುಗರಿಗಾಗಿಯೇ ನಮ್ಮವರ ಸಂಘಗಳು ರಾತ್ರಿ ಶಾಲೆ ನಡೆಸುತ್ತಿದ್ದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿದ್ದು, ಅವರದೂ ಒಂದು ಉಚಿತ ರಾತ್ರಿ ಶಾಲೆ ಇತ್ತು. ಸಂಜೆ ಧಣಿ ಬಿಟ್ಟರೆ ಓಡುವುದು, ಬಿಡದಿದ್ದರೆ ಇಲ್ಲ. ಒಳ್ಳೆಯ ಧಣಿ ಸಿಕ್ಕಿದವ ಎಸ್ಸೆಸ್ಸಿ ಪಾಸಾದ. ಪರೀಕ್ಷೆಯಲ್ಲಿ ರಾತ್ರಿ ಶಾಲೆಯವರು ಅಂತ ರಿಯಾಯಿತಿ ಏನೂ ಇಲ್ಲ ಮಾರಾಯ್ರೇ. ಹಗಲು ಓದಿದವರಿಗೆ ಯಾವ ಪೇಪರೋ ನಮಗೂ ಅದೇ.

ಮೇಷ್ಟ್ರುಗಳೂ ಹಗಲು ದುಡಿದು ಬಂದವರೇ. ಗಣಿತದವರು ಬ್ಯಾಂಕಿನಲ್ಲಿ ಗುಮಾಸ್ತರು. ಅಂಗಿಯ ಜೇಬಿನಲ್ಲಿ ಎರಡು ಬಣ್ಣದ ಪೆನ್ನು, ಕಂಕುಳಲ್ಲಿ ಕೊಡೆ. ಮೊದಲ ಪೀರಿಯಡಿನಲ್ಲಿ ಹುಡುಗರು ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿದರೆ ಅವರು ಎಬ್ಬಿಸುತ್ತಿರಲಿಲ್ಲ. ಎಚ್ಚರ ಇದ್ದವರಿಗೆ ಮೆಲ್ಲಗೆ ಪಾಠ ಮಾಡಿ, ಎರಡನೇ ಪೀರಿಯಡಿನಲ್ಲಿ ಅದನ್ನೇ ಎಲ್ಲರಿಗೂ ಮತ್ತೆ ಮಾಡುತ್ತಿದ್ದರು. ಎಷ್ಟು ವರ್ಷ ಹೀಗೆ ಒಂದೇ ಪಾಠ ಎರಡೆರಡು ಸಲ ಹೇಳಿದರೋ.

ಒಂದು ದಿನ "ನಿಮ್ಮ ಹೋಟೆಲಿನ ಹಳೇ ಬಿಲ್ಲು ತನ್ನಿ" ಅಂದರು. ಆಮೇಲೆ ಪುಸ್ತಕದ ಲೆಕ್ಕ ಮೂಲೆಗೆ. ಬಿಲ್ಲನ್ನು ಮೇಲಿಂದ ಕೆಳಗೆ ಕೂಡಿಸಿ, ಆಮೇಲೆ ಕೆಳಗಿಂದ ಮೇಲೆ ಕೂಡಿಸಬೇಕು. ಒಂದೇ ದಿಕ್ಕಿನಲ್ಲಿ ಎರಡು ಸಲ ಕೂಡಿಸಿದರೆ ತಪ್ಪಿದ ಕಡೆಯೇ ಮತ್ತೆ ತಪ್ಪುತ್ತದೆ ಅಂತ ಅವರ ವಾದ. ಇನ್ನೊಂದು ಹೇಳಿಕೊಟ್ಟರು, ಅದು ಬ್ಯಾಂಕಿನವರ ಗುಟ್ಟು. ಗಲ್ಲಾಪೆಟ್ಟಿಗೆಯ ಹಣಕ್ಕೂ ಪುಸ್ತಕಕ್ಕೂ ತಾಳೆ ಆಗದಿದ್ದಾಗ, ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾಗುತ್ತದೋ ನೋಡಬೇಕು. ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. 72 ಬರೆಯುವ ಕಡೆ 27 ಬರೆದರೆ ವ್ಯತ್ಯಾಸ 45. 81ಕ್ಕೆ 18 ಬರೆದರೆ 63. ಯಾವ ಎರಡು ಅಂಕಿ ತಗೊಂಡರೂ ಹೀಗೇ.

ಈಗ ಘಾಟ್‌ಕೋಪರದಲ್ಲಿ ನನ್ನದೇ ಸಣ್ಣ ಹೋಟೆಲು. ಬಿಲ್ಲು ಮೆಷೀನಿನಲ್ಲಿ ಬರುತ್ತದೆ, ಜಿಎಸ್‌ಟಿ ಅದೇ ಹಾಕುತ್ತದೆ. ಆದರೆ ತರಕಾರಿಯವನ ಚೀಟಿ, ಹಾಲಿನವನ ಚೀಟಿ ಇನ್ನೂ ಕೈಬರಹವೇ. ಕೆಳಗಿಂದ ಮೇಲೆ ಕೂಡಿಸದೆ ನಾನು ದುಡ್ಡು ಕೊಡುವುದಿಲ್ಲ. ಮಗ ಬಿ.ಕಾಂ. ಓದಿದವನು. ಈ 9ರ ವಿಷಯ ಅವನಿಗೂ ನಾನೇ ಹೇಳಿಕೊಡಬೇಕಾಯಿತು.

ವಡಾಲದ ಹುಡುಗ:

9ರ ಗುಟ್ಟು ಈಗಷ್ಟೇ ಮಾಡಿ ನೋಡಿದೆ. ಅಣ್ಣ, ಸಲಾಮ್!

ನಮ್ಮ ವಿಜ್ಞಾನದ ಸರ್ ಜಡತ್ವ ಕಲಿಸಿದ್ದು ಹಾರ್ಬರ್ ಲೈನಿನ ಲೋಕಲ್ ರೈಲು ಇಟ್ಟುಕೊಂಡು. ಗಾಡಿ ಹೊರಟಾಗ ಹಿಂದಕ್ಕೆ ವಾಲುತ್ತೀರಿ, ಬ್ರೇಕ್ ಹಾಕಿದಾಗ ಮುಂದಕ್ಕೆ. ಯಾಕೆ? ಓಡುವ ಗಾಡಿಯಿಂದ ಇಳಿದವನು ಯಾಕೆ ಬೀಳುತ್ತಾನೆ? ಕಾಲು ಪ್ಲಾಟ್‌ಫಾರ್ಮಿಗೆ ತಾಗಿ ನಿಲ್ಲುತ್ತದೆ, ಮೈ ಮಾತ್ರ ಗಾಡಿಯ ವೇಗದಲ್ಲೇ ಮುಂದೆ ಹೋಗುತ್ತದೆ. ಇದನ್ನು ತೋರಿಸಲು ಅವರು ಬೆಂಚುಗಳ ನಡುವೆ ಓಡಿ ಬಂದು ಗಕ್ಕನೆ ನಿಂತದ್ದು, ಕನ್ನಡಕ ಹಾರಿ ಮೊದಲ ಬೆಂಚಿಗೆ ಬಿದ್ದದ್ದು ನಮ್ಮ ಬ್ಯಾಚಿನಲ್ಲಿ ಯಾರೂ ಮರೆತಿಲ್ಲ. ಕನ್ನಡಕ ಎತ್ತಿಕೊಂಡು "ನೋಡಿ, ಇದಕ್ಕೂ ಜಡತ್ವ" ಅಂದರು.

ಅಭ್ಯಾಸ ಏನು ಅಂದರೆ, ಯಾರು ಯಾವ ನಿಯಮ ಹೇಳಿದರೂ ಕಾರಣ ಕೇಳುತ್ತೇನೆ. ನಾನು ಲಿಫ್ಟ್ ರಿಪೇರಿ ಮಾಡುವವನು. ಹೊಸ ಹುಡುಗರಿಗೆ "ಇದನ್ನು ಮುಟ್ಟಬೇಡ" ಅಂತ ಮಾತ್ರ ಹೇಳಿ ಬಿಡುವುದಿಲ್ಲ. ಮುಟ್ಟಿದರೆ ಏನಾಗುತ್ತದೆ ಅಂತ ಪೂರ್ತಿ ಹೇಳುತ್ತೇನೆ.

ಭಾಂಡುಪ್ ಭಾವ:

ಹಾಗಾದರೆ ಓಡುವ ಗಾಡಿಯಿಂದ ಇಳಿಯುವುದು ಹೇಗೆ ಅಂತ ಶಾಲೆಯಲ್ಲೇ ಹೇಳಿಕೊಟ್ಟರು ಅನ್ನಿ!

ವಡಾಲದ ಹುಡುಗ:

ಇಳಿಯಬೇಡಿ ಅಂತ ಹೇಳಿಕೊಟ್ಟರು ಭಾವ. ಯಾಕೆ ಇಳಿಯಬಾರದು ಅಂತ ಗೊತ್ತಾದ ಮೇಲೆ ನಾನಂತೂ ಇಳಿದಿಲ್ಲ.

ಒಗ್ಗರಣೆ:

ನಾನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಅಕ್ಕ ಕೇಳಿದ್ದು ಅಭ್ಯಾಸ. ಅಭ್ಯಾಸ ಒಳ್ಳೆಯದೇ ಆಗಿರಬೇಕು ಅಂತ ಹೇಳಿಲ್ಲವಲ್ಲ.

ನಮ್ಮ ಮನೆಯವರು ಬೀದರ್ ಕಡೆಯವರು. ನಮ್ಮ ಶಾಲೆಯಲ್ಲಿ ಮಕ್ಕಳೂ ಮೇಷ್ಟ್ರುಗಳೂ ಹೆಚ್ಚಿನವರು ಕರಾವಳಿಯವರು. ತರಗತಿಗೆ ತಡವಾಗಿ ಬಂದು ಬಾಗಿಲಲ್ಲಿ ನಿಂತು "ಬರ್ಲೇನ್ರೀ ಸರ್" ಅಂದೆ. ಅವರು ಅದನ್ನೇ ರಾಗವಾಗಿ ಹಾಡಿದರು. ತರಗತಿ ನಕ್ಕಿತು. ಆವತ್ತಿಗೆ ಮುಗಿಯಲಿಲ್ಲ. ವರ್ಷವಿಡೀ ನಾನು ಬಾಯಿ ತೆರೆದಾಗಲೆಲ್ಲ ಅದೇ ಆಟ. ಅವರು ಕೆಟ್ಟವರಲ್ಲ, ಪಾಠ ಚೆನ್ನಾಗಿ ಮಾಡುತ್ತಿದ್ದರು. ನಗಿಸುವುದು ಅವರಿಗೆ ಇಷ್ಟ, ನಾನು ಸುಲಭಕ್ಕೆ ಸಿಕ್ಕಿದೆ.

ಅವರಿಂದ ನನಗೆ ಬಂದದ್ದು ಇದು: ಮೀಟಿಂಗಿನಲ್ಲಿ ಒಂದು ಮಾತು ಹೇಳಬೇಕಾದರೆ ಮೊದಲು ಮನಸ್ಸಿನಲ್ಲಿ ಪೂರ್ತಿ ಹೇಳಿಕೊಳ್ಳುತ್ತೇನೆ. ಅಷ್ಟರಲ್ಲಿ ಇನ್ನೊಬ್ಬರು ಅದೇ ಮಾತು ಹೇಳಿ ಮುಗಿಸಿರುತ್ತಾರೆ. ಮಾಲೆ ಹಾಕುವ ದಿನ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಭಾಂಡುಪ್ ಭಾವ:

ತಂಗೀ, ಬೇಜಾರಾಯಿತು ಓದಿ. ಆದರೆ ಈಗಿನವರು ಎಲ್ಲವನ್ನೂ ಜಾಸ್ತಿ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಅಂತಲೂ ನನಗೆ ಅನಿಸುತ್ತದೆ. ನಮ್ಮ ಮೇಷ್ಟ್ರು ಬರೀ ಹಾಡುತ್ತಿರಲಿಲ್ಲ, ಬೆತ್ತ ಮುರಿಯುವವರೆಗೆ ಹೊಡೆಯುತ್ತಿದ್ದರು. ನಾವು ಪೆಟ್ಟು ತಿಂದೇ ಕಲಿತೆವು. ಅವರಿಲ್ಲದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ.

ಒಗ್ಗರಣೆ:

ಆಯಿತು ಭಾವ. ಹಾಗಾದರೆ ಅಕ್ಕನ ಪ್ರಶ್ನೆಗೆ ಉತ್ತರ ಹೇಳಿ. ಆ ಬೆತ್ತದಿಂದ ಬಂದ ಅಭ್ಯಾಸ ಯಾವುದು?

ಭಾಂಡುಪ್ ಭಾವ:

ಮಗ್ಗಿ. 19ರ ಮಗ್ಗಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಒಗ್ಗರಣೆ:

ನಿಮ್ಮ ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದವರೂ ಹೇಳುತ್ತಾರಾ?

ಭಾಂಡುಪ್ ಭಾವ:

ಅವನು ಆರನೇ ತರಗತಿಯಲ್ಲಿ ಶಾಲೆ ಬಿಟ್ಟ.

ಪೆಟ್ಟಿಗೆ ಹೆದರಿಯೇ ಬಿಟ್ಟ ಅನ್ನಲಾರೆ. 1982ರ ಜನವರಿಯಲ್ಲಿ ಬಟ್ಟೆ ಮಿಲ್ ಮುಷ್ಕರ ಶುರುವಾಯಿತಲ್ಲ, ಕಾರ್ಮಿಕ ನಾಯಕ ದತ್ತಾ ಸಾಮಂತರದ್ದು. ಅವನ ಅಪ್ಪ ಪರಳದ ಮಿಲ್ಲಿನಲ್ಲಿದ್ದವರು. ಮನೆಗೆ ಸಂಬಳ ಬರುವುದು ನಿಂತುಹೋಯಿತು. ಅವನು ಫೀಸು ತರದ ದಿನವೂ ಪೆಟ್ಟು ತಿಂದ, ಮಗ್ಗಿ ಬಾರದ ದಿನವೂ ತಿಂದ. ಈಗ ನೀನು ಕೇಳಿದ ಮೇಲೆ ಬರೆಯುತ್ತಿದ್ದೇನೆ. ಇದರ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು ಅಂತ ತಿಳಿಯಬೇಡ.

ಹಾಜರಿ ಪುಸ್ತಕ:

ನಾನು ಈಗಲೂ ಕೆಲಸದಲ್ಲಿರುವ ಟೀಚರ್, ಪಾಲಿಕೆಯ ಕನ್ನಡ ಶಾಲೆಯಲ್ಲೇ. ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ 17ನೇ ಕಲಮು ಹೊಡೆಯುವುದನ್ನು ಮಾತ್ರ ನಿಷೇಧಿಸಿಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಅಂದರೆ ಭಾವನವರ ಬೆತ್ತ, ಒಗ್ಗರಣೆಯವರ ಹಾಡು, ಎರಡೂ ಅದರ ಒಳಗೇ ಬರುತ್ತವೆ.

ಈಗ ನನ್ನ ಅಭ್ಯಾಸ. ನಾನು ಮೂರನೇ ತರಗತಿಯಲ್ಲಿದ್ದಾಗ ನಮ್ಮ ಟೀಚರ್ ಹಾಜರಿ ಕರೆಯುವಾಗ ಯಾರಾದರೂ ಬಂದಿಲ್ಲ ಅಂದರೆ ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ. "ಎಲ್ಲಿ ಹೋದ?" ಅಂತ ಪಕ್ಕದ ಮನೆಯ ಹುಡುಗನನ್ನು ಕೇಳುತ್ತಿದ್ದರು. ಉತ್ತರವನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಜ್ವರ, ಮದುವೆ, ಊರು, ತಂಗಿಯನ್ನು ನೋಡಿಕೊಳ್ಳಲು. ಹಾಜರಿ ಮುಗಿಯಲು ಹೊತ್ತು ಹಿಡಿಯುತ್ತಿತ್ತು, ನಮಗೆ ಖುಷಿ.

ನಾನೂ ಹಾಗೇ ಮಾಡುತ್ತೇನೆ. ನನ್ನ ತರಗತಿಯ ಮಕ್ಕಳು ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯವರು. ಅಪ್ಪ ಅಮ್ಮನಿಗೆ ಕಟ್ಟಡದ ಕೆಲಸ. ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರೂ ಇದ್ದಾರೆ. ಒಂದು ಸೈಟು ಮುಗಿದರೆ ಇನ್ನೊಂದು ಉಪನಗರಕ್ಕೆ ಹೋಗುತ್ತಾರೆ. ಬಿತ್ತನೆಗೆ ಊರು, ಜಾತ್ರೆಗೆ ಊರು. ಮೇಲಿನವರಿಗೆ ಹೋಗುವ ವರದಿಯಲ್ಲಿ ಇದೆಲ್ಲ ಬರೀ "ಗೈರು".

ಹೋದ ವರ್ಷ ಅಂಚಿನ ಪೆನ್ಸಿಲ್ ಬರಹ ತಿರುವಿ ನೋಡುತ್ತಿದ್ದೆ. ಕೆಲವು ಹುಡುಗಿಯರು ಪ್ರತಿ ಮಂಗಳವಾರ ಗೈರು. ಕಾರಣ ಪ್ರತಿ ಸಲ ಬೇರೆ: ಹೊಟ್ಟೆನೋವು, ತಲೆನೋವು, ಅಜ್ಜಿ ಬಂದರು. ಎಲ್ಲರೂ ಒಂದೇ ಓಣಿಯವರು. ಸಂಜೆ ಆ ಓಣಿಗೆ ಹೋಗಿ ಕೇಳಿದಾಗ ಗೊತ್ತಾಯಿತು. ನೀರಿನ ಟ್ಯಾಂಕರ್ ಬರುವುದು ಮಂಗಳವಾರ ಬೆಳಿಗ್ಗೆ. ಅಮ್ಮಂದಿರು ಕೆಲಸಕ್ಕೆ ಹೋಗಿರುತ್ತಾರೆ, ಕ್ಯೂನಲ್ಲಿ ಕೊಡ ಹಿಡಿದು ನಿಲ್ಲುವವರು ಇವರೇ. ಈಗ ಮಂಗಳವಾರ ಗಣಿತ ಮಧ್ಯಾಹ್ನಕ್ಕೆ. ಅವರು ತಡವಾಗಿ ಬರುತ್ತಾರೆ, ಆದರೆ ಬರುತ್ತಾರೆ.

ಒಗ್ಗರಣೆಯವರೇ, ಇನ್ನೊಂದು ಮಾತು. ನಾನು ಉಡುಪಿ ಕಡೆಯವಳು. ಮೊದಲ ವರ್ಷ ಈ ಮಕ್ಕಳ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ ತಿಳಿಯುತ್ತಿರಲಿಲ್ಲ. ಈಗ ಅವರು ನನ್ನನ್ನು ಅನುಕರಣೆ ಮಾಡಿ ನಗುತ್ತಾರೆ. ಅದಕ್ಕೆ ಯಾವ ಕಲಮೂ ಇಲ್ಲ, ನಗಲಿ.

ಒಗ್ಗರಣೆ:

ಟೀಚರ್, ನಿಮ್ಮ ಶಾಲೆ ಎಲ್ಲಿ ಅಂತ ಇಲ್ಲಿ ಕೇಳುವುದಿಲ್ಲ. ಮೆಸೇಜ್ ಮಾಡುತ್ತೇನೆ.

ಅಂಕೋಲೆಯವ:

ನಾನು ಮುಂಬಯಿಯಲ್ಲಿ ಶಾಲೆ ಕಲಿತವನಲ್ಲ, ದುಡಿಯಲು ಬಂದವನು. ಆದರೂ ಒಂದು ವಿಷಯ ಇಲ್ಲಿಗೆ ಸೇರುತ್ತದೆ. ಉತ್ತರ ಕನ್ನಡದಲ್ಲಿ ನಮ್ಮಂಥ ಎಷ್ಟೋ ಮಂದಿ ಓದಿದ ಹೈಸ್ಕೂಲುಗಳನ್ನು ಕಟ್ಟಿಸಿದ್ದು ಕೆನರಾ ವೆಲ್ಫೇರ್ ಟ್ರಸ್ಟ್. ಅದನ್ನು 1953ರಲ್ಲಿ ಶುರು ಮಾಡಿದವರು ದಿನಕರ ದೇಸಾಯಿ. ಚುಟುಕಗಳ ದೇಸಾಯಿ ಅಂದರೆ ಎಲ್ಲರಿಗೂ ಗೊತ್ತು. ಅವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿ ಮುಂಬಯಿಯಲ್ಲಿ ಇದ್ದವರು, ಇಲ್ಲಿ ಹಡಗಿನ ಕೆಲಸಗಾರರ ಸಂಘ ಕಟ್ಟಿದವರು. ಇಲ್ಲಿ ಕೂತು ಊರಲ್ಲಿ ಶಾಲೆ ತೆರೆದರು. ರೈತರ ಪರ ನಿಂತದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಹೊರಗೆ ಹಾಕಿತ್ತು.

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಇದನ್ನು ಪಠ್ಯದಲ್ಲಿ ಇಲ್ಲದಿದ್ದರೂ ಹೇಳುತ್ತಿದ್ದರು. ಹೇಳಿ, "ಈ ಬೆಂಚಿಗೆ ದುಡ್ಡು ಯಾರು ಕೊಟ್ಟಿರಬಹುದು? ಈ ಕರಿಹಲಗೆಗೆ?" ಅಂತ ಕೇಳುತ್ತಿದ್ದರು. ಅದು ನನಗೆ ಅಂಟಿಕೊಂಡಿದೆ. ಯಾವ ಸಭಾಂಗಣಕ್ಕೆ ಹೋದರೂ ಮೊದಲು ಗೋಡೆಯ ಕಲ್ಲಿನ ಮೇಲಿನ ದಾನಿಗಳ ಹೆಸರು ಓದುತ್ತೇನೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದಾಗಲೂ ಅಷ್ಟೇ, ಹೆಂಡತಿ ಒಳಗೆ ಸೀಟು ಹಿಡಿದಿರುತ್ತಾಳೆ, ನಾನು ಹೊರಗೆ ಗೋಡೆ ಓದುತ್ತಿರುತ್ತೇನೆ.

ಕಲಿನಾ ಮಳೆ:

ನನ್ನದು 2005ರ ಜುಲೈ 26. ಆವತ್ತು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಮಿಠಿ ನದಿ ಉಕ್ಕಿ ಕಲಿನಾ, ಕುರ್ಲಾ ಎಲ್ಲ ನೀರು. ನಾನು ಏಳನೇ ತರಗತಿ. ಮಧ್ಯಾಹ್ನದ ಮೇಲೆ ಕೆಳಗಿನ ಮಹಡಿಗೆ ನೀರು ಬಂತು. ಚಿಕ್ಕವರನ್ನೂ ನಮ್ಮನ್ನೂ ಮೇಲಿನ ಒಂದೇ ಕೋಣೆಯಲ್ಲಿ ಸೇರಿಸಿದರು.

ಕೆಲವು ಪಾಲಕರು ಎದೆಮಟ್ಟದ ನೀರಿನಲ್ಲಿ ಬಂದರು. ನಮ್ಮ ಮರಾಠಿ ಟೀಚರ್ ಬಾಗಿಲಲ್ಲಿ ನಿಂತುಬಿಟ್ಟರು. ಅಪ್ಪ ಅಮ್ಮ ಬಿಟ್ಟು "ಪಕ್ಕದ ಮನೆಯವರು", "ಮಾವ" ಅಂತ ಬಂದವರಿಗೆ ಮಗುವನ್ನು ಕೊಡಲಿಲ್ಲ. ಮಗು ಅವರನ್ನು ಹೆಸರು ಹಿಡಿದು ಕರೆದರೂ ಇಲ್ಲ. ಜನ ಕೂಗಾಡಿದರು. ಒಬ್ಬರಂತೂ ಬಹಳ ಕೆಟ್ಟದಾಗಿ ಬೈದರು. ಟೀಚರ್ ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದರು, ನಾಳೆ ಬೆಳಿಗ್ಗೆ ಬನ್ನಿ ಅಂತ. ಅವರ ಸ್ವಂತ ಮಗ ಬೇರೆ ಶಾಲೆಯಲ್ಲಿ ಸಿಕ್ಕಿಕೊಂಡಿದ್ದ. ಅದು ನಮಗೆ ಆಮೇಲೆ ಗೊತ್ತಾದದ್ದು.

ಮೊಬೈಲ್ ನೆಟ್‌ವರ್ಕ್ ಇರಲಿಲ್ಲ. ರಾತ್ರಿ ಟೀಚರ್ ಪ್ರತಿಯೊಬ್ಬರಿಗೂ ಮನೆಯ ನಂಬರು ಕೇಳಿ ಕರಿಹಲಗೆಯ ಮೇಲೆ ಬರೆಯತೊಡಗಿದರು. ಎಷ್ಟೋ ಮಂದಿಗೆ ನೆನಪೇ ಇಲ್ಲ, ಎಲ್ಲ ಅಮ್ಮನ ಡೈರಿಯಲ್ಲಿ. ಗೊತ್ತಿದ್ದ ನಂಬರುಗಳನ್ನು ರಾತ್ರಿಯೆಲ್ಲ ನಮ್ಮಿಂದ ಬಾಯಿಪಾಠ ಮಾಡಿಸಿದರು. ಹೊತ್ತು ಕಳೆಯಲು ಅಂತ ಈಗ ಅನಿಸುತ್ತದೆ. ಆವತ್ತು ಅದು ದೊಡ್ಡ ಕೆಲಸ ಅನಿಸಿತ್ತು, ಅಳುವುದೇ ಮರೆತುಹೋಯಿತು. ಇವತ್ತಿಗೂ ನನ್ನ ಪರ್ಸಿನಲ್ಲಿ ಒಂದು ಚೀಟಿ ಇರುತ್ತದೆ, ಮುಖ್ಯವಾದ ನಂಬರುಗಳು ಪೆನ್ನಿನಲ್ಲಿ ಬರೆದದ್ದು. ನನ್ನ ಮಗಳಿಗೆ ನನ್ನ ನಂಬರು ಬಾಯಿಗೆ ಬರುತ್ತದೆ.

ಆ ಟೀಚರ್ ಈಗ ಎಲ್ಲಿದ್ದಾರೆ ಗೊತ್ತಿಲ್ಲ. ನಮ್ಮ ಶಾಲೆ ಮುಚ್ಚಿ ವರ್ಷಗಳಾದವು. ಹುಡುಕುವುದು ಹೇಗೆ? ಯಾರಾದರೂ ದಾರಿ ಹೇಳಿ.

ಗಲ್ಲಾಪೆಟ್ಟಿಗೆ:

ನಮ್ಮ ಮೇಷ್ಟ್ರನ್ನು ನಾವು ಹುಡುಕಿದ್ದು ಹೀಗೆ. 'ಕರ್ನಾಟಕ ಮಲ್ಲ'ದಲ್ಲಿ ಒಂದು ಸಣ್ಣ ಪ್ರಕಟಣೆ ಕೊಡಿ. ಮುಂಬಯಿಯಲ್ಲಿ ಆ ಪೇಪರು ಓದುವ ವಯಸ್ಸಿನವರು ಹೋಟೆಲಿನಿಂದ ಹೋಟೆಲಿಗೆ ಸುದ್ದಿ ಮುಟ್ಟಿಸುತ್ತಾರೆ. ಮಾಹೀಮಿನ ಕರ್ನಾಟಕ ಸಂಘಕ್ಕೂ ಒಂದು ಚೀಟಿ ಕೊಟ್ಟು ಬನ್ನಿ. ಶಾಲೆಯ ಹೆಸರು, ಯಾವ ವರ್ಷ, ಯಾವ ವಿಷಯ, ಮೂರೂ ಬರೆಯಿರಿ. ಬರೀ ಹೆಸರು ಹಾಕಿದರೆ ಒಂದೇ ಹೆಸರಿನ ಹತ್ತು ಟೀಚರ್ ಸಿಗುತ್ತಾರೆ.

ಹಾಜರಿ ಪುಸ್ತಕ:

ಮರಾಠಿ ಟೀಚರ್ ಆಗಿದ್ದರೆ ಶಾಲೆ ಮುಚ್ಚಿದಾಗ ಅವರನ್ನು ಬೇರೆ ಮಾಧ್ಯಮದ ಶಾಲೆಗೆ ಕಳಿಸಿರಬಹುದು. ಹತ್ತಿರದ ಮರಾಠಿ ಶಾಲೆಗಳಲ್ಲಿ ಹಿರಿಯ ಸಿಪಾಯಿಗಳನ್ನು (ಜವಾನರನ್ನು) ಕೇಳಿ. ಮುಖ್ಯೋಪಾಧ್ಯಾಯರು ಬದಲಾಗುತ್ತಾ ಇರುತ್ತಾರೆ, ಸಿಪಾಯಿಗಳಿಗೆ ಎಲ್ಲ ನೆನಪಿರುತ್ತದೆ.

ಚೆಂಬೂರು ಅಕ್ಕ:

ಮಳೆಯವರೇ, ಪ್ರಕಟಣೆ ಬರೆದರೆ ಇಲ್ಲಿ ಹಾಕಿ, ನಾನು ಒಮ್ಮೆ ಗಟ್ಟಿಯಾಗಿ ಓದಿ ನೋಡುತ್ತೇನೆ.

ಕಲಿನಾ ಮಳೆ:

ಎಲ್ಲರಿಗೂ ಥ್ಯಾಂಕ್ಸ್. ಪ್ರಕಟಣೆಗೆ ಫೋನ್ ಬಂದವು, ಆದರೆ ಬೇರೆ ಬೇರೆ ಟೀಚರುಗಳ ಬಗ್ಗೆ. ಒಬ್ಬರು ಅರ್ಧ ಗಂಟೆ ತಮ್ಮ ಡ್ರಾಯಿಂಗ್ ಮೇಷ್ಟ್ರ ಕಥೆ ಹೇಳಿದರು, ಸುಮ್ನೆ ಕೇಳಿದೆ. ಕೊನೆಗೆ ಪತ್ತೆ ಸಿಕ್ಕಿದ್ದು ಸಿಪಾಯಿಯಿಂದ. ಹಾಜರಿ ಪುಸ್ತಕದವರು ಹೇಳಿದ್ದು ಸರಿ.

ಟೀಚರ್ ನಿವೃತ್ತರಾಗಿ ಸಾತಾರಾ ಕಡೆ ಮಗನ ಜೊತೆ ಇದ್ದಾರಂತೆ. ಕಿವಿ ಕೇಳುವುದಿಲ್ಲ, ಫೋನಿನಲ್ಲಿ ಮಾತು ಆಗುವುದಿಲ್ಲ ಅಂದರು ಮಗ. ಪತ್ರ ಬರೆದರೆ ಓದುತ್ತಾರಂತೆ, ಅಕ್ಷರ ದೊಡ್ಡದಾಗಿರಬೇಕು. ಆ ರಾತ್ರಿ ಆ ಕೋಣೆಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಭಾನುವಾರದೊಳಗೆ ನನಗೆ ಮೆಸೇಜ್ ಮಾಡಿ, ಒಂದೇ ಲಕೋಟೆಯಲ್ಲಿ ಕಳಿಸೋಣ. ಮರಾಠಿಯಲ್ಲೇ ಬರೆಯಿರಿ. ವಿಳಾಸ ಇಲ್ಲಿ ಹಾಕುವುದಿಲ್ಲ.